ಮಂಡಕ್ಕಿ ಹಿಂಡುವ ಪುಟ್ಟ ಕೈ

ಮೊಳಕಾಲ್ಮುರು ತಾಲ್ಲೂಕಿನ ರಾಂಪುರದಲ್ಲಿ ಒಂದೇ ಮನೆಯ ಒಲೆಯ ಮೇಲೆ ಮಧ್ಯಾಹ್ನಕ್ಕೆ ಜೋಳದ ರೊಟ್ಟಿ ಬೇಯುತ್ತದೆ, ರಾತ್ರಿಗೆ ರಾಗಿ ಮುದ್ದೆ ತಿರುವಿಸಿಕೊಳ್ಳುತ್ತದೆ. ಬಳ್ಳಾರಿ ಸೀಮೆ ಒಂದು ಕಡೆಗೆ, ಚಳ್ಳಕೆರೆ ಸೀಮೆ ಇನ್ನೊಂದು ಕಡೆಗೆ, ಆಂಧ್ರದ ಗಡಿ ಮಗ್ಗುಲಲ್ಲೇ. ಮೂರೂ ಕಡೆಯ ರುಚಿ ಈ ಊರಿನ ಅಡುಗೆಮನೆಗೆ ಬಂದು ಕೂತಿದೆ. ಬೆಳಗಿನ ತಿಂಡಿಯ ವಿಷಯದಲ್ಲಿ ಮಾತ್ರ ತಕರಾರಿಲ್ಲ: ಒಗ್ಗರಣೆ ಮಂಡಕ್ಕಿ.

ಸಣ್ಣ ಮಕ್ಕಳಿರುವ ಒಂದು ಮನೆಯೊಳಗೆ ಇಣುಕಿ. ಅಮ್ಮನ ಸೊಂಟದ ಮೇಲೆ ಕೂಸು, ಕಾಲ ಬುಡದಲ್ಲಿ ನಾಲ್ಕರ ಹುಡುಗಿ. ಅವಳ ಮುಂದೆ ಸ್ಟೀಲ್ ಬೋಗುಣಿ ತುಂಬ ನೀರು. ಸೇರಿನಿಂದ ಸುರಿದ ಮಂಡಕ್ಕಿ ನೀರಿನ ಮೇಲೆ ತೇಲುತ್ತದೆ. ಹುಡುಗಿ ಎರಡೂ ಅಂಗೈಯಿಂದ ಒತ್ತಿ ಮುಳುಗಿಸುತ್ತಾಳೆ, ಕೈ ತೆಗೆದರೆ ಮತ್ತೆ ಮೇಲೆ. ಅಡುಗೆ ಅಲ್ಲಿಗೇ ನಿಂತು ಆಟ ಶುರುವಾಗುತ್ತದೆ. "ಜಾಸ್ತಿ ನೆಂದ್ರೆ ಪಿಚ್ಚಂತ ಆಗ್ತದೆ, ಬೇಗ ಹಿಂಡೇ ಪುಟ್ಟಿ" ಎಂದು ಅಮ್ಮ ಗದರಿದರೆ, "ನಾನೇ ಹಿಂಡ್ತೀನಿ, ನೀನು ಮುಟ್ಬ್ಯಾಡ" ಎಂಬ ಉತ್ತರ. ನೀರು ಬೆರಳ ಸಂದಿಯಿಂದ ಮೊಣಕೈಗೆ ಇಳಿದು ಫ್ರಾಕ್ ತೊಯ್ದಿದೆ. ಹಿಂಡಿದ ಒಂದೊಂದು ಹಿಡಿಯೂ ನಿಂಬೆಹಣ್ಣಿನ ಗಾತ್ರದ ಉಂಡೆಯಾಗಿ, ಬೆರಳಿನ ಗುರುತು ಸಮೇತ ತಟ್ಟೆಗೆ ಬೀಳುತ್ತದೆ. ಮಗಳು ಅತ್ತ ತಿರುಗಿದಾಗ ಅಮ್ಮ ಆ ಉಂಡೆಗಳನ್ನು ಸದ್ದಿಲ್ಲದೆ ಇನ್ನೊಂದು ಸಲ ಹಿಂಡುತ್ತಾಳೆ.

ಬಾಣಲೆಯಲ್ಲಿ ಸಾಸಿವೆ ಸಿಡಿದು, ಶೇಂಗಾ ಕೆಂಪಗಾಗಿ, ಈರುಳ್ಳಿ ಬಾಡಿ, ಅರಿಶಿನ, ಹುಣಸೆ ರಸ ಸೇರಿದ ಮೇಲೆ ಮಂಡಕ್ಕಿ. ಮಕ್ಕಳ ಪಾಲನ್ನು ಶೇಂಗಾ ಆರಿಸಿ ಬೇರೆ ತೆಗೆದಿಟ್ಟ ಮೇಲೆಯೇ ದೊಡ್ಡವರ ಬಾಣಲೆಗೆ ಹುರಿದ ಹಸಿಮೆಣಸಿನಕಾಯಿ. ಕೊನೆಗೆ ಪುಟಾಣಿ ಪುಡಿ ಉದುರಿಸುವ ಹಕ್ಕು ಮತ್ತೆ ಹುಡುಗಿಯದೇ. ಅರ್ಧ ಬಾಣಲೆಗೆ, ಅರ್ಧ ನೆಲಕ್ಕೆ.

ಒಬ್ಬಳೇ ಮಾಡಿದ್ದರೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ, ನಿಜ. ಆದರೆ ಬೇರೆ ದಿನ ತುತ್ತು ಹಿಡಿದು ಓಣಿಯುದ್ದ ಮಗುವಿನ ಹಿಂದೆ ಅಲೆಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ? ತಾನೇ ಹಿಂಡಿದ ಮಂಡಕ್ಕಿಯನ್ನು ಈ ಹುಡುಗಿ ಯಾರ ಒತ್ತಾಯವೂ ಇಲ್ಲದೆ ತಿನ್ನುತ್ತಾಳೆ. ನನ್ನ ಪ್ರಕಾರ ಇದು ಲಾಭದ ವ್ಯಾಪಾರ.

ಮಕ್ಕಳ ಕೈಗೆ ಹೊಂದುವ ಕೆಲಸ ಈ ನೆಲದ ಅಡುಗೆಯಲ್ಲಿ ಬೇಕಾದಷ್ಟಿದೆ. ಮಳೆ ಕಡಿಮೆಯಾದ ಈ ಸೀಮೆಯ ದೊಡ್ಡ ಬೆಳೆಯೇ ಶೇಂಗಾ. ಗಿಡ ಕಿತ್ತ ದಿನಗಳಲ್ಲಿ ಹಸಿ ಕಾಯಿಗೆ ಉಪ್ಪು ಹಾಕಿ ಬೇಯಿಸಿದರೆ ಮನೆಮಂದಿಯೆಲ್ಲ ಸುತ್ತ ಕೂತು ಬಿಡಿಸುತ್ತಾರೆ. ಒಂದು ಎಚ್ಚರ ಮಾತ್ರ ಬೇಕು. ತೀರಾ ಸಣ್ಣವರಿಗೆ ಇಡೀ ಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರಿಗೆ ಹುರಿದು ಕುಟ್ಟಿದ ಪುಡಿಯೇ ಸರಿ. ಬಿಸಿ ಮುದ್ದೆಯ ಚೂರನ್ನು ಆರಿಸಿ ಕೂಸಿನ ಕೈಗಿಟ್ಟು ನೋಡಿ: ಉಂಡೆ ಮಾಡುತ್ತದೆ, ಚಪ್ಪಟೆ ಮಾಡುತ್ತದೆ, ಕೆನ್ನೆಗೆ ಬಳಿದುಕೊಳ್ಳುತ್ತದೆ, ನಡುವೆ ಒಂದಿಷ್ಟು ಬಾಯಿಗೂ ಹೋಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ ಎಂಬುದು ಅಮ್ಮನಿಗೆ ಸಮಾಧಾನ. ಕೂಸಿಗೆ ಅದರ ಗೊಡವೆ ಇಲ್ಲ.

ಇದನ್ನೆಲ್ಲ ಓದಿ ಅಡುಗೆ ಎಂದರೆ ಬರೀ ನಗೆ ಎಂದುಕೊಂಡರೆ ತಪ್ಪು. ಮೇಲಿನ ಮನೆಯಲ್ಲೇ, ಕೂಸು ಹಟ ಹಿಡಿದಾಗ ಅತ್ತೆ ಬಂದು ಎತ್ತಿಕೊಂಡು ಹೋದರು. ಅದಕ್ಕೇ ಅಮ್ಮನಿಗೆ ಮಗಳ ಆಟ ಕಂಡದ್ದು. ಅತ್ತೆಯೂ ಇಲ್ಲದ, ಹೊಲದ ಕೂಲಿಗೂ ಹೊರಡಬೇಕಾದ ಹೆಂಗಸಿಗೆ ಅದೇ ಬೋಗುಣಿ ನೀರು ನೆಲ ಒರೆಸುವ ಇನ್ನೊಂದು ಕೆಲಸ ಅಷ್ಟೆ. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಆ 97 ಕೂಡ, ಮನೆಗೆಲಸ ಮುಟ್ಟುವ ಗಂಡಸರ ಲೆಕ್ಕ. ಬಹುಪಾಲು ಗಂಡಸರು ಮುಟ್ಟುವುದೇ ಇಲ್ಲ.

ಅಡುಗೆಯ ಖುಷಿ ಅಡುಗೆಯವಳ ಸ್ವಭಾವದಲ್ಲಿಲ್ಲ, ಅವಳಿಗೆ ಸಿಗುವ ಬಿಡುವಿನಲ್ಲಿದೆ. ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಮಂಡಕ್ಕಿ ಕಲಸಿ ಮಿರ್ಚಿ ಕರಿಯುವವರಲ್ಲಿ ಗಂಡಸರೇ ಹೆಚ್ಚು, ಹಾಗಾಗಿ "ನಮಗೆ ಬರಲ್ಲ" ಎಂಬ ಮಾತು ನಡೆಯುವುದಿಲ್ಲ. ಅಪ್ಪಂದಿರೇ, ನಾಳೆ ಬೆಳಗ್ಗೆ ಈರುಳ್ಳಿ ಹೆಚ್ಚಿಕೊಡಿ. ಅದೂ ಆಗದಿದ್ದರೆ, ತಿಂಡಿ ಆಗುವವರೆಗೆ ಕೂಸನ್ನಾದರೂ ಎತ್ತಿಕೊಳ್ಳಿ.