ಕುರಿಗಳ ಸೀಮೆಯಲ್ಲಿ ಕಾರಿನ ಪಯಣ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿರುವ ಗೆಳೆಯರ ಮನೆಗೆ ಹೋದವರು ಕಾರಿನಲ್ಲಿ ಟೆಕಾಪೊ ಸರೋವರಕ್ಕೂ ಹೋಗಿಬರಬೇಕು. ಸುಮಾರು ಮೂರು ಗಂಟೆಯ ದಾರಿ. ನಮ್ಮಂತೆಯೇ ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಓಡುತ್ತವೆ. ಕ್ಯಾಂಟರ್ಬರಿ ಬಯಲು ದಾಟಿ ಬೆಟ್ಟ ಏರಿದರೆ ಮೆಕೆಂಜಿ ಸೀಮೆ. ಹೊಂಬಣ್ಣದ ಒರಟು ಹುಲ್ಲಿನ ನಡುವೆ ಮೆರಿನೊ ಕುರಿಗಳು.

ಇಲ್ಲಿ ಮಳೆ ಕಡಿಮೆ ಏಕೆ? ಪಶ್ಚಿಮ ಕಡಲಿನ ತೇವದ ಗಾಳಿ ದಕ್ಷಿಣ ಆಲ್ಪ್ಸ್ ಪರ್ವತಕ್ಕೆ ತಡೆದು ಆಚೆಯೇ ಮಳೆ ಸುರಿಸಿಬಿಡುತ್ತದೆ. ಆಗುಂಬೆಯಲ್ಲಿ ಜಡಿಮಳೆ, ಚಿತ್ರದುರ್ಗದಲ್ಲಿ ಬಿಸಿಲು ಇರುವಂತೆಯೇ ಇದು. ನಮ್ಮ ಕುರಿ ಮಂದೆಗಳೂ ಹೆಚ್ಚಾಗಿರುವುದು ಬಯಲುಸೀಮೆಯಲ್ಲೇ ಅಲ್ಲವೆ?

ಟೆಕಾಪೊ ನೀರಿನದು ಹಾಲು ಬೆರೆಸಿದಂಥ ನೀಲಿ. ಹಿಮನದಿಗಳು ಬಂಡೆಯನ್ನು ಅರೆದು ತಂದ ನುಣ್ಣನೆಯ ಪುಡಿ ನೀರಿನಲ್ಲಿ ತೇಲುತ್ತ ಬೆಳಕನ್ನು ಚದುರಿಸುವುದೇ ಇದಕ್ಕೆ ಕಾರಣ. ದಡದಲ್ಲಿ ಕುರಿ ಕಾಯುವ ನಾಯಿಯ ಕಂಚಿನ ಪ್ರತಿಮೆಯೂ ಉಂಟು.

1982ರಲ್ಲಿ ಆ ದೇಶದಲ್ಲಿ ಸುಮಾರು 7 ಕೋಟಿ ಕುರಿಗಳಿದ್ದವು. 1984ರಿಂದ ಸರ್ಕಾರ ಸಹಾಯಧನ ಕಡಿತಗೊಳಿಸಿತು, ಉಣ್ಣೆಯ ಬೆಲೆ ಕುಸಿಯಿತು, ಹೈನುಗಾರಿಕೆ ಬೆಳೆಯಿತು. 2024ರ ವೇಳೆಗೆ ಉಳಿದದ್ದು ಎರಡೂವರೆ ಕೋಟಿಗಿಂತಲೂ ಕಡಿಮೆ.

ಮೆಕೆಂಜಿಯಲ್ಲೂ ಅಲ್ಲಲ್ಲಿ ನೀರಾವರಿಯ ಹೊಲಗಳು ಹಸಿರಾಗಿವೆ. ನೋಡಲು ಚೆನ್ನ, ಆದರೆ ಒಣನೆಲಕ್ಕೆ ಒಗ್ಗಿದ ಆ ನಾಡಿನ ಸಸ್ಯಗಳು ಅಲ್ಲಿ ನೆಲೆ ಕಳೆದುಕೊಳ್ಳುತ್ತವೆ. ಹಸಿರೆಲ್ಲವೂ ಒಳಿತೇ ಎಂಬುದನ್ನು ಮಕ್ಕಳು ಯೋಚಿಸಬೇಕು.