ಸ್ಮಾರಕಗಳ ಸಂರಕ್ಷಣೆಯ ಪಾಠದಲ್ಲಿ ಊರಿನವರಿಗೆ ಸ್ಥಾನ

ಸ್ಮಾರಕಗಳ ರಕ್ಷಣೆ ಎಂಬ ಪಾಠಾಂಶ ಬಂದಾಗ ಪ್ರಶಿಕ್ಷಣಾರ್ಥಿಗಳಾದ ನಾವು ಕಪ್ಪುಹಲಗೆಯ ಮೇಲೆ ಬರೆಯುವುದು ಹೆಚ್ಚಾಗಿ ‘ಬಾರದು’ಗಳ ಪಟ್ಟಿ: ಹೆಸರು ಕೆತ್ತಬಾರದು, ಕಸ ಚೆಲ್ಲಬಾರದು, ಕಲ್ಲು ಒಯ್ಯಬಾರದು. ಇವು ತಪ್ಪಲ್ಲ. ಆದರೆ ಈ ಪಟ್ಟಿಯಲ್ಲಿ ಸ್ಮಾರಕದ ಪಕ್ಕದಲ್ಲಿ ವಾಸಿಸುವವರು ಆರೋಪಿಗಳಾಗಿ ಮಾತ್ರ ಕಾಣುತ್ತಾರೆ. ಸಮುದಾಯ ಕೇಂದ್ರಿತ ಸಂರಕ್ಷಣೆ ಎಂದರೆ ಅವರ ಬದುಕು, ಬಳಕೆ, ತಿಳಿವಳಿಕೆಗಳನ್ನು ಮೊದಲು ಕೇಳಿ, ಆಮೇಲೆ ನಿಯಮ ಮಾಡುವುದು.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಕಠಿಣವಾದ ಉದಾಹರಣೆಯಿದೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗಂಗಾವತಿ ತಾಲ್ಲೂಕಿನ ಆನೆಗುಂದಿಯವರಿಗೆ ಹೊಳೆ ದಾಟಲು ಹರಿಗೋಲೇ ಗತಿಯಾಗಿತ್ತು. ಆಸ್ಪತ್ರೆ, ಸಂತೆ, ಕಾಲೇಜು ಯಾವುದಕ್ಕೆ ಹೋಗಬೇಕೆಂದರೂ ತುಂಗಭದ್ರೆಯ ನೀರಿನ ಮಟ್ಟ ನೋಡಬೇಕು. ಅವರಿಗಾಗಿ ತಳವಾರಘಟ್ಟದ ಬಳಿ ಸೇತುವೆ ಏಳತೊಡಗಿತು. ಅದು ಸ್ಮಾರಕಗಳ ಪರಿಸರಕ್ಕೆ ಧಕ್ಕೆಯೆಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. 2009ರ ಜನವರಿಯಲ್ಲಿ ನಿರ್ಮಾಣ ಹಂತದಲ್ಲೇ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಮುಂದೆ ಬುಕ್ಕಸಾಗರ–ಕಡೇಬಾಗಿಲು ನಡುವೆ, ಸ್ಮಾರಕಗಳಿಂದ ದೂರದಲ್ಲಿ, ಸೇತುವೆಯಾಯಿತು. ಜಾಗ ಬದಲಿಸಬಹುದಿತ್ತು ಎಂದಮೇಲೆ ಆ ಮಾತು ಮೊದಲೇ ಏಕೆ ಆಗಲಿಲ್ಲ? ಒಂಬತ್ತನೆಯ ತರಗತಿಯಲ್ಲಿ ಇದನ್ನು ಚರ್ಚೆಗೆ ಬಿಡಬಹುದು. ಯಾರೂ ಖಳನಾಯಕರಲ್ಲದ ಪ್ರಶ್ನೆ ಪಠ್ಯದಲ್ಲಿ ಅಪರೂಪ.

ಅದೇ ಆನೆಗುಂದಿಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ. 2019ರ ಜುಲೈನಲ್ಲಿ ನಿಧಿಯಾಸೆಗೆ ವ್ಯಾಸತೀರ್ಥರ ಬೃಂದಾವನವನ್ನು ಒಡೆದರು. ಅದರ ಬೆನ್ನಲ್ಲೇ ಭಕ್ತರು ಸೇರಿ ಮತ್ತೆ ನಿಲ್ಲಿಸಿದರು. ಪುರಾತತ್ತ್ವದ ರೀತಿಯಾದರೆ ಪ್ರತಿ ಕಲ್ಲನ್ನೂ ದಾಖಲಿಸಿ, ಅಳತೆ ಮಾಡಿ, ಆಮೇಲೆ ಜೋಡಿಸಬೇಕು. ಪೂಜೆ ನಡೆಯುವ ಜಾಗ ಅಷ್ಟು ಕಾಯುವುದಿಲ್ಲ. ಎರಡೂ ಬೇಕು ಎಂಬುದು ನನ್ನ ಅಭಿಪ್ರಾಯ. ಛಾಯಾಚಿತ್ರ, ಅಳತೆಗಳ ದಾಖಲೆ ಊರಿನಲ್ಲೇ ಮೊದಲೇ ಇದ್ದರೆ ಅವಸರದಲ್ಲೂ ದಾರಿ ತಪ್ಪುವುದಿಲ್ಲ.

ವಿಜ್ಞಾನ ವಿಭಾಗದವರಿಗೆ ಕೊಪ್ಪಳ ತಾಲ್ಲೂಕಿನ ಕಿನ್ನಾಳ ಹೆಚ್ಚು ಒದಗುತ್ತದೆ. ಅಲ್ಲಿಯ ಚಿತ್ರಗಾರ ಕುಟುಂಬಗಳು ಹಗುರ ಮರದಲ್ಲಿ ಗೊಂಬೆ, ದೇವರ ಮೂರ್ತಿ ಮಾಡುತ್ತವೆ. ನೆನೆಸಿ ಒಣಗಿಸಿ ಪುಡಿಮಾಡಿದ ಸೆಣಬು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿದರೆ ‘ಕಿಟ್ಟ’. ಹುಣಸೆ ಬೀಜದಲ್ಲಿರುವ ಪಾಲಿಸ್ಯಾಕರೈಡ್ ಬಿಸಿನೀರಿನಲ್ಲಿ ಉಬ್ಬಿ ಲೋಳೆಯಾಗಿ, ಒಣಗಿದಾಗ ನಾರನ್ನು ಬಿಗಿಯುತ್ತದೆ. ಪಾಲಿಮರ್‌ಗಳ ಪಾಠಕ್ಕೆ ಪ್ಲಾಸ್ಟಿಕ್ ಚೀಲವನ್ನೇ ಹಿಡಿದು ನಿಲ್ಲಬೇಕಿಲ್ಲ. ಈ ಕಲೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಹೆಸರಿನ ದುರುಪಯೋಗವನ್ನು ಅದು ತಡೆಯಬಲ್ಲದು. ಆದರೆ ಕಿಟ್ಟದ ಹದ ಬೆರಳಿಗೆ ಗೊತ್ತು, ಪ್ರಮಾಣಪತ್ರಕ್ಕಲ್ಲ. ಮಗ ಕಲಿಯದಿದ್ದರೆ ಮುಗಿಯಿತು. ಕಲಿಯಬೇಕಾದರೆ ಗೊಂಬೆಗೆ ಬೆಲೆ ಬರಬೇಕು. ಕಲ್ಲಿನ ಗುಡಿಗೂ ಕೈಕಸುಬಿಗೂ ಇರುವ ವ್ಯತ್ಯಾಸ ಇದು: 1112ರ ಇಟಗಿಯ ಮಹಾದೇವ ದೇವಾಲಯಕ್ಕೆ ಬೇಲಿ ಹಾಕಿ ಕಾವಲಿಡಬಹುದು, ಕಸುಬಿಗೆ ಬೇಲಿ ಹಾಕಲಾಗದು.

ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಮಾಧಿಗಳು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಊರವರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಗಿಡ್ಡ ಮನುಷ್ಯರು ಕಟ್ಟಿಕೊಂಡ ಮನೆಗಳೆಂಬ ಕಥೆ ಹೇಳುತ್ತಾರೆ. ಇದನ್ನು ಮೂಢನಂಬಿಕೆಯೆಂದು ತಳ್ಳುವ ಪಾಠ ಯೋಜನೆಗಳು ಬರುತ್ತವೆ. ಕಥೆಯನ್ನು ಬರೆದುಕೊಂಡು, ಅದರ ಪಕ್ಕದಲ್ಲೇ ಪುರಾತತ್ತ್ವಜ್ಞರ ವಿವರಣೆ ಇಡುವುದು ಮೇಲು. ಬೆಟ್ಟಕ್ಕೆ ದಾರಿ ತೋರಿಸುವವರು ಕುರಿ ಕಾಯುವವರೇ; ಯಾವ ಚಪ್ಪಡಿ ಹೊಸದಾಗಿ ಉರುಳಿದೆಯೆಂದು ಮೊದಲು ಗಮನಿಸುವವರೂ ಅವರೇ.

ಚಟುವಟಿಕೆಯಾಗಿ ಪ್ರತಿ ವಿದ್ಯಾರ್ಥಿಯೂ ಮನೆಯ ಹಿರಿಯರೊಬ್ಬರನ್ನು ಮೂರು ಪ್ರಶ್ನೆ ಕೇಳಿ ಬರಬಹುದು: ಊರಿನಲ್ಲಿ ಹಳೆಯದು ಯಾವುದು, ಅದನ್ನು ಈಗ ಯಾರು ಬಳಸುತ್ತಾರೆ, ಕೆಟ್ಟರೆ ಯಾರು ಸರಿಮಾಡುತ್ತಾರೆ. ಮೂರನೆಯದಕ್ಕೆ ಉತ್ತರ ಸಿಗುವುದು ಕಷ್ಟ. ಮೌಲ್ಯಮಾಪನಕ್ಕೆ ಅದನ್ನೇ ಇಟ್ಟುಕೊಳ್ಳಿ.