ಮನೆಬಾಗಿಲಿನಲ್ಲಿ ಹುಟ್ಟುವ ಅಂಕಿಗಳು

ರೇಡಿಯೋ ವಾರ್ತೆಯಲ್ಲಿ “ರಾಜ್ಯದ ಜನರಲ್ಲಿ ಇಂತಿಷ್ಟು ಮಂದಿ” ಎಂಬ ಮಾತು ಬಂದಾಗ ತಾವು ಅದನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ ಮಾಲಿನಂತೆ ನಂಬುತ್ತೀರಿ. ಆ ಅಂಕಿ ಎಲ್ಲಿ ಹುಟ್ಟಿತೆಂದು ವಿಚಾರಿಸುವವರು ಕಡಿಮೆ. ಅದು ಹುಟ್ಟುವುದು ತಮ್ಮ ಮನೆಯ ಕಟ್ಟೆಯ ಮೇಲೆ, ಗಣತಿಗೆ ಬಂದ ಮಾಸ್ತರರೂ ತಾವೂ ಆಡುವ ಅರ್ಧ ಗಂಟೆಯ ಮಾತಿನಲ್ಲಿ.

ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಅನುಭವವನ್ನೇ ನೋಡಿರಿ. ಶ್ರೀ ಎಚ್. ಕಾಂತರಾಜ ಅವರ ಅಧ್ಯಕ್ಷತೆಯಲ್ಲಿ ಆಯೋಗವು 2015ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಸಿತು. ಅದರ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ “ನಮ್ಮ ಮನೆಗೆ ಯಾರೂ ಬರಲೇ ಇಲ್ಲ” ಎಂಬ ದೂರು ಹಲವು ಸಮುದಾಯಗಳಿಂದ ಕೇಳಿಬಂದಿತ್ತು. ಹಿಂದುಳಿದವರ ಪಟ್ಟಿಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು 1995ರ ಕಾನೂನು ಹೇಳುತ್ತದೆ. ಇದನ್ನು ಮುಂದಿಟ್ಟುಕೊಂಡು ಸರ್ಕಾರವು 2025ರ ಜೂನ್‌ನಲ್ಲಿ ಹೊಸ ಸಮೀಕ್ಷೆಗೆ ನಿರ್ಧರಿಸಿತು. ಸೆಪ್ಟೆಂಬರ್ 22ರಿಂದ, ದಸರಾ ರಜೆಯಲ್ಲಿ, ಶಾಲೆಯ ಮಾಸ್ತರರೂ ಅಕ್ಕೋರೂ 60 ಪ್ರಶ್ನೆಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಮನೆಮನೆಗೆ ನಡೆದರು.

ಸಮೀಕ್ಷೆಯ ಮೊದಲ ಕೆಲಸ ಯಾವ ಮನೆಯೂ ತಪ್ಪದಂತೆ ನೋಡುವುದು. 2025ರಲ್ಲಿ ಇದಕ್ಕೆ ವಿದ್ಯುತ್ ಮೀಟರುಗಳನ್ನು ಆಧಾರ ಮಾಡಿಕೊಂಡು, ಮನೆಗಳ ಬಾಗಿಲಿಗೆ ಸಂಖ್ಯೆಯ ಚೀಟಿ ಅಂಟಿಸಿದರು. ಉಪಾಯ ಒಳ್ಳೆಯದೇ. ಆದರೆ ದೂಧಗಂಗೆಯ ದಂಡೆಯ ಸದಲಗಾದಂಥ ಊರನ್ನು ನೆನೆಯಿರಿ. ಅಣ್ಣತಮ್ಮಂದಿರು ಬೇರೆಯಾಗಿ ಒಲೆ ಎರಡಾದರೂ ಮೀಟರು ಒಂದೇ ಇರಬಹುದು. ಒಂದೇ ಕುಟುಂಬಕ್ಕೆ ಊರಲ್ಲೊಂದು, ತೋಟದಲ್ಲೊಂದು ಮನೆ ಇದ್ದರೆ ಮೀಟರು ಎರಡು. ಕಬ್ಬು ಕಡಿಯಲು ಬಂದವರ ಗುಡಿಸಲಿಗೆ ಮೀಟರೇ ಇರುವುದಿಲ್ಲ. ಮೀಟರನ್ನು ಎಣಿಸಿದ ಮಾತ್ರಕ್ಕೆ ಸಂಸಾರವನ್ನು ಎಣಿಸಿದಂತಾಗದು. ಹತ್ತು ವರ್ಷಕ್ಕೊಮ್ಮೆಯ ಜನಗಣತಿಯಲ್ಲಿ ಈ ಕೊರತೆಗೆ ಒಂದು ಪರಿಹಾರವುಂಟು: 2011ರಲ್ಲಿ ಮನೆಯಿಲ್ಲದವರನ್ನು ಫೆಬ್ರವರಿ 28ರ ರಾತ್ರಿ ಅವರು ಮಲಗಿದ ಸ್ಥಳದಲ್ಲೇ ಎಣಿಸಲಾಯಿತು.

ಎರಡನೆಯ ಕೆಲಸ ಉತ್ತರವನ್ನು ಹೇಳಿದಂತೆಯೇ ಬರೆದುಕೊಳ್ಳುವುದು. ಗಡಿನಾಡಿನಲ್ಲಿ ಮಾತೃಭಾಷೆಯ ಪ್ರಶ್ನೆಗೆ ವಿಶೇಷ ತೂಕವಿದೆ. 1956ರಲ್ಲಿ ಬೆಳಗಾವಿ ಜಿಲ್ಲೆಯ ಬಹುಭಾಗ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಎದ್ದ ಗಡಿವಾದದಲ್ಲಿ ಭಾಷಿಕರ ಸಂಖ್ಯೆಯನ್ನೇ ಸಾಕ್ಷಿಯಾಗಿ ಎತ್ತಿ ಹಿಡಿದರು. ಜನಗಣತಿಯ ನಿಯಮದಂತೆ, ಬಾಲ್ಯದಲ್ಲಿ ತಾಯಿ ತನ್ನೊಡನೆ ಆಡಿದ ಭಾಷೆಯೇ ಮಾತೃಭಾಷೆ. ಒಂದೇ ಮನೆಯವರಿಗೆಲ್ಲ ಅದು ಒಂದೇ ಆಗಬೇಕಿಲ್ಲ. ಅತ್ತೆಯದು ಕನ್ನಡ, ಕೊಲ್ಲಾಪುರದ ಕಡೆಯಿಂದ ಬಂದ ಸೊಸೆಯದು ಮರಾಠಿ ಎಂದಿದ್ದರೆ ಹಾಗೆಯೇ ಬರೆಯಬೇಕು. ಯಜಮಾನರು ಒಂದೇ ಮಾತಿನಲ್ಲಿ ಎಲ್ಲರ ಪರವಾಗಿ ಹೇಳಿಬಿಟ್ಟರೆ ಸೊಸೆಯ ಮಾತು ಲೆಕ್ಕದಿಂದ ಬಿದ್ದುಹೋಗುತ್ತದೆ. ಜಾತಿಯ ವಿಷಯವೂ ಹೀಗೆಯೇ. ಇಲ್ಲಿಯ ಜೈನರಲ್ಲಿ ಅಣ್ಣ ‘ಚತುರ್ಥ’ ಎಂದೂ ತಮ್ಮ ಬರೀ ‘ಜೈನ’ ಎಂದೂ ಬರೆಸಿದರೆ, ಒಂದೇ ಮನೆತನ ಎರಡು ಲೆಕ್ಕಗಳಲ್ಲಿ ಹಂಚಿಹೋಗುತ್ತದೆ.

“ಆದಾಯ, ಜಾತಿ, ಆಧಾರ್ ಸಂಖ್ಯೆ ಇವೆಲ್ಲ ಇವರಿಗೇಕೆ?” ಎಂದು ಅನೇಕರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ರಾಜ್ಯದ ಉಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 25ರ ಮಧ್ಯಂತರ ಆದೇಶದಲ್ಲಿ ಸಮೀಕ್ಷೆಯನ್ನು ತಡೆಯಲಿಲ್ಲ. ಉತ್ತರ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಪಡೆದ ಮಾಹಿತಿಯನ್ನು ಗುಪ್ತವಾಗಿಡಬೇಕು ಎಂದು ವಿಧಿಸಿತು. ಜನಗಣತಿಯ ಸಂಗತಿ ಬೇರೆ. 1948ರ ಜನಗಣತಿ ಕಾಯಿದೆಯಂತೆ ಅಲ್ಲಿ ಉತ್ತರಿಸುವುದು ಕಡ್ಡಾಯ. ಪ್ರತಿಯಾಗಿ, ಕೊಟ್ಟ ಉತ್ತರವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆ ಕಾಯಿದೆ ಮನೆಯ ರೀತಿನೀತಿಗಳನ್ನೂ ಮರೆತಿಲ್ಲ: ಗಂಡನ ಹೆಸರು ಹೇಳಲೇಬೇಕೆಂದು ಯಾವ ಹೆಂಗಸನ್ನೂ ಒತ್ತಾಯಿಸುವ ಹಾಗಿಲ್ಲ.

ಹಾಗಾದರೆ ತಾವು ಮಾಡಬೇಕಾದುದೇನು? ಬಂದವರ ಗುರುತುಚೀಟಿ ನೋಡಿರಿ. ಇದು ಯಾವ ಲೆಕ್ಕ, ಉತ್ತರ ಕಡ್ಡಾಯವೇ ಐಚ್ಛಿಕವೇ ಎಂದು ಕೇಳಿರಿ. ಮನೆಯ ಹೆಣ್ಣುಮಕ್ಕಳನ್ನು ಕರೆದು ಅವರ ಉತ್ತರವನ್ನು ಅವರ ಬಾಯಿಂದಲೇ ಹೇಳಿಸಿರಿ. ಬರೆದದ್ದನ್ನು ಮುಗಿಸುವ ಮುನ್ನ ಒಮ್ಮೆ ಓದಿಸಿ ಕೇಳಿರಿ. ಯಾರೂ ಬರದಿದ್ದರೆ ಪುರಸಭೆಗಾಗಲಿ ತಹಶೀಲ್ದಾರರಿಗಾಗಲಿ ಅವಧಿ ಮುಗಿಯುವುದರೊಳಗೆ ತಿಳಿಸಿರಿ. ವರದಿ ಬಂದ ಮೇಲೆ ಆಡುವ ದೂರಿಗಿಂತ ಇದರ ಬೆಲೆ ಹೆಚ್ಚು.

2027ರ ಜನಗಣತಿಗೆ ನಮ್ಮಲ್ಲಿ ಮಾರ್ಚ್ 1ನ್ನು ಆಧಾರದಿನವಾಗಿ ಗೊತ್ತುಮಾಡಿ, ಜಾತಿಯನ್ನೂ ಕೇಳುವುದೆಂದು ಕೇಂದ್ರ ಸರ್ಕಾರ ನಿರ್ಧರಿಸಿದೆ. ಶಾಲೆ, ವಿದ್ಯಾರ್ಥಿವೇತನ, ಮೀಸಲಾತಿ ಮೊದಲಾದವುಗಳ ವಿಚಾರ ನಡೆಯುವುದು ಇಂಥ ಅಂಕಿಗಳ ಮೇಲೆಯೇ. ಬಿತ್ತುವ ಬೀಜವನ್ನು ಕೇರಿ ಹಸನು ಮಾಡುವ ರೈತನಂತೆ, ಕಟ್ಟೆಯ ಮೇಲೆ ಕುಳಿತು ಕೊಡುವ ಉತ್ತರವನ್ನೂ ನೋಡಿ ಕೊಟ್ಟರೆ ಫಲ ತಮ್ಮದೇ.